ಬೆಟ್ಟ ಹತ್ತಿದ ದಿನ ಎಷ್ಟು ಉಣ್ಣಬೇಕು? ಒಬ್ಬ ಗುಮಾಸ್ತರ ಒಂಬತ್ತು ತಿಂಗಳ ಲೆಕ್ಕ

ಡಿಸೆಂಬರ್ ತಿಂಗಳು. ಹನುಮಮಾಲೆ ಹಾಕಿದ್ದ ಗೆಳೆಯರ ಜೊತೆ ಗುಮಾಸ್ತರೂ ಅಂಜನಾದ್ರಿ ಬೆಟ್ಟಕ್ಕೆ ಹೋಗಿದ್ದರು. ಒಟ್ಟು 575 ಮೆಟ್ಟಿಲು. ಅರ್ಧಕ್ಕೆ ಬರುವಷ್ಟರಲ್ಲಿ ಏದುಸಿರು ಹತ್ತಿತು. ಗೆಳೆಯರು ಮುಂದೆ ಹೋದರು, ಇವರು ಬಂಡೆಗೆ ಒರಗಿ ನಿಂತರು. ಅವರಿಗಿಂತ ಹದಿನೈದು ವರ್ಷ ದೊಡ್ಡವರೊಬ್ಬರು ತಲೆ ಮೇಲೆ ಗಂಟು ಹೊತ್ತು ಮೇಲೆ ಬಂದರು. "ಜರಾ ಸರಿಯಪಾ ತಮ್ಮಾ" ಎಂದು ದಾಟಿ ಹೋದರು. ಆ ಮಾತು ಮನಸ್ಸಿಗೆ ನಾಟಿತು ಎಂದು ಜನವರಿ ಮೊದಲ ವಾರ ನನ್ನ ಮುಂದೆ ಕೂತು ಹೇಳಿದರು.

ನಾನು ಆಹಾರ ಸಲಹೆ ಕೊಡುವವಳು. ಕೊಪ್ಪಳ ಜಿಲ್ಲೆಯಲ್ಲೇ ಕೆಲಸ. ಈ ಪ್ರಕರಣವನ್ನು ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದು ಎಂದು ಒಂದೆರಡು ವಿವರ ಬದಲಿಸಿದ್ದೇನೆ, ಲೆಕ್ಕ ಮಾತ್ರ ಹಾಗೆಯೇ ಇದೆ. ಇದನ್ನು ಬರೆಯಲು ಕಾರಣ ಒಂದೇ ಒಂದು ಪ್ರಶ್ನೆ. ತೂಕ ಇಳಿಸಲು ಬಂದವರಲ್ಲಿ ಹೆಚ್ಚಿನವರು ಎರಡನೆಯದೋ ಮೂರನೆಯದೋ ವಾರ ಕೇಳುತ್ತಾರೆ: "ವ್ಯಾಯಾಮ ಮಾಡಿದ ದಿನ ಸ್ವಲ್ಪ ಜಾಸ್ತಿ ತಿನ್ನಬಹುದಾ?" ಇದಕ್ಕೆ ನಾನು ವರ್ಷಗಟ್ಟಲೆ ಒಂದೇ ವಾಕ್ಯದ ಉತ್ತರ ಕೊಡುತ್ತಿದ್ದೆ. ಈ ಪ್ರಕರಣದ ನಂತರ ಹಾಗೆ ಕೊಡುವುದನ್ನು ಬಿಟ್ಟೆ.

ಹಿನ್ನೆಲೆ

ಅವರು ಗಂಗಾವತಿ ಕಡೆಯ ಒಂದು ರೈಸ್ ಮಿಲ್ಲಿನಲ್ಲಿ ಗುಮಾಸ್ತರು. ವಯಸ್ಸು 41. ಎತ್ತರ 168 ಸೆಂಟಿಮೀಟರ್, ತೂಕ 84 ಕೆಜಿ, ಸೊಂಟ 101 ಸೆಂಟಿಮೀಟರ್. ಎತ್ತರಕ್ಕೆ ತಕ್ಕ ತೂಕ ಇದೆಯಾ ಎಂದು ತೋರಿಸುವ ಬಿಎಂಐ 30ರ ಹತ್ತಿರ. ನಮ್ಮ ದೇಶದವರಿಗೆ 23 ದಾಟಿದರೆ ತೂಕ ಜಾಸ್ತಿ, 25 ದಾಟಿದರೆ ಬೊಜ್ಜು ಎಂದು ಲೆಕ್ಕ. ಗಂಡಸರ ಸೊಂಟ 90 ದಾಟಬಾರದು. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 6.1 ಇತ್ತು. ಸಕ್ಕರೆ ಕಾಯಿಲೆ ಇನ್ನೂ ಬಂದಿಲ್ಲ, ಬಾಗಿಲಲ್ಲಿ ನಿಂತಿದೆ. ಬೇರೆ ಮಾತ್ರೆ ಯಾವುದೂ ಇರಲಿಲ್ಲ. ಮೆಟ್ಟಿಲ ಮೇಲೆ ಏದುಸಿರು ಬಂದಿತ್ತಲ್ಲ, ಅದಕ್ಕೆ ಮೊದಲು ವೈದ್ಯರ ಹತ್ತಿರ ಕಳಿಸಿದೆ. ಇಸಿಜಿ, ಬಿಪಿ, ರಕ್ತ ಎಲ್ಲ ನೋಡಿ "ನಡೀಲಿ, ಏನೂ ತೊಂದರೆ ಇಲ್ಲ" ಎಂದ ಮೇಲೆಯೇ ನಮ್ಮ ಕೆಲಸ ಶುರುವಾಯಿತು.

ಬೆಳಗ್ಗೆ ಒಂಬತ್ತರಿಂದ ರಾತ್ರಿ ಎಂಟರವರೆಗೆ ಗಾದಿಯ ಮೇಲೆ ಕೂತೇ ಕೆಲಸ. ಭತ್ತ ಬರುವ ಕಾಲದಲ್ಲಿ ರಾತ್ರಿ ಹತ್ತೂ ಆಗುತ್ತದೆ. ಊಟಕ್ಕೆ ಎರಡು ಜೋಳದ ರೊಟ್ಟಿ, ಪಲ್ಯ, ಮೇಲೆ ಅನ್ನ ಸಾರು. ಗಂಗಾವತಿಯಲ್ಲಿ ಅನ್ನವಿಲ್ಲದೆ ಊಟ ಮುಗಿಯುವುದಿಲ್ಲ. ಸಂಜೆ ಐದಕ್ಕೆ ಮಿಲ್ಲಿಗೆ ಚಹಾ ಬರುತ್ತದೆ, ಜೊತೆಗೆ ಮಂಡಕ್ಕಿಯೋ ಶೇಂಗಾವೋ.

ಅವರ ಒಂದು ಗುಣ ಇಲ್ಲಿ ಮುಖ್ಯ. ಅವರು ಲೆಕ್ಕದ ಮನುಷ್ಯ. ಹೋದ ವಾರ ಏನು ತಿಂದಿರಿ ಎಂದು ಕೇಳಿದರೆ ಬೇರೆಯವರು ಅಂದಾಜು ಹೇಳುತ್ತಾರೆ. ಇವರು ಕೆಂಪು ರಟ್ಟಿನ ಪುಸ್ತಕ ತೆಗೆದು ತೋರಿಸುತ್ತಿದ್ದರು. ಎಡಕ್ಕೆ ತಿಂದದ್ದು, ಬಲಕ್ಕೆ ಖರ್ಚಾದ ಕ್ಯಾಲೊರಿ. ಕೆಳಗೆ ಬಾಕಿ. ಒಗ್ಗರಣೆಯ ಎಣ್ಣೆಯನ್ನೂ ಚಮಚದಲ್ಲಿ ಅಳೆಸಿ ಬರೆದಿದ್ದರು. ಇಷ್ಟು ಪ್ರಾಮಾಣಿಕವಾಗಿ ಬರೆಯುವವರು ನನ್ನ ಹತ್ತಿರ ತುಂಬ ಕಡಿಮೆ ಬಂದಿದ್ದಾರೆ. ಹಾಗಾಗಿಯೇ ತಪ್ಪು ಎಲ್ಲಿದೆ ಎಂದು ಕೊನೆಗೆ ಹುಡುಕಲು ಆಯಿತು.

ಏಳು ವಾರ ಅಲುಗಾಡದ ತೂಕ

ನಾನು ಕೊಟ್ಟ ಯೋಜನೆ ಸರಳ. ದಿನಕ್ಕೆ 1900 ಕ್ಯಾಲೊರಿ ಊಟ. ಸೋಮವಾರ, ಬುಧವಾರ, ಶುಕ್ರವಾರ ಬೆಳಗ್ಗೆ 45 ನಿಮಿಷ ಬಿರುಸಿನ ನಡಿಗೆ. ಭಾನುವಾರ ಅಂಜನಾದ್ರಿ. ಬೆಟ್ಟ ಹತ್ತುವುದು ಅವರದೇ ಆಸೆ. ಮಾಡಬೇಕು ಅನ್ನಿಸುವ ವ್ಯಾಯಾಮವೇ ಉಳಿಯುವುದು, ಹಾಗಾಗಿ ನಾನು ತಡೆಯಲಿಲ್ಲ.

ಅವರ ಮೈದುನ ಒಂದು ಸ್ಮಾರ್ಟ್ ವಾಚ್ ಕೊಟ್ಟಿದ್ದ. ನಡೆದ ದಿನ ಅದು 420 ಕ್ಯಾಲೊರಿ ತೋರಿಸುತ್ತಿತ್ತು. ಬೆಟ್ಟದ ದಿನ 510. ಗುಮಾಸ್ತರು ಅದನ್ನು ಜಮೆಗೆ ಹಿಡಿದರು. ಖರ್ಚಾದದ್ದು 420 ಎಂದರೆ ಅಷ್ಟು ತಿನ್ನಬಹುದು, ಬಾಕಿ ಸರಿಹೋಗುತ್ತದೆ. ನಡೆದ ದಿನ ಒಂದು ರೊಟ್ಟಿ ಜಾಸ್ತಿ, ಸಂಜೆ ಶೇಂಗಾ ಒಂದು ಹಿಡಿ, ರಾತ್ರಿ ಒಂದು ಲೋಟ ಹಾಲು. ಭಾನುವಾರ ಬೆಟ್ಟ ಇಳಿದು ಬಂದ ಮೇಲೆ ಒಂದು ಪ್ಲೇಟ್ ಮಂಡಕ್ಕಿ ಒಗ್ಗರಣಿ, ಒಂದು ಮಿರ್ಚಿ ಬಜ್ಜಿ, ಅರ್ಧ ಚಹಾ. ಪುಸ್ತಕದಲ್ಲಿ ಅದಕ್ಕೆ 510 ಎಂದೇ ಬರೆದಿತ್ತು. ಎರಡನೆಯ ಮಿರ್ಚಿಯನ್ನು ಅವರು ಮುಟ್ಟುತ್ತಿರಲಿಲ್ಲ.

ಮನೆಯವರದೂ ಒತ್ತಾಯ ಇತ್ತು. ಒಂದು ಸಲ ಅವರ ಹೆಂಡತಿಯೂ ಜೊತೆಗೆ ಬಂದಿದ್ದರು. "ದಣಿದು ಬಂದೋರಿಗೆ ಹೊಟ್ಟಿ ತುಂಬ ನೀಡಬ್ಯಾಡ ಅಂದ್ರ ಹೆಂಗ್ರಿ ಮೇಡಂ?" ಎಂದು ಕೇಳಿದರು. ನನಗೆ ಆ ಮಾತಿನಲ್ಲಿ ತಪ್ಪು ಕಾಣಲಿಲ್ಲ. ಹೊಲದಿಂದ ಬಂದವರಿಗೆ ಬಡಿಸಿ ಬೆಳೆದ ಮನೆ ಅದು. ದುಡಿದವನಿಗೆ ಜಾಸ್ತಿ ಎನ್ನುವುದು ನಮ್ಮ ಕಡೆ ಅಕ್ಕರೆಯ ಮಾತು.

ಏಳು ವಾರ ಕಳೆಯಿತು. ತೂಕ 84.2, 83.8, 84.1, 84. ನಡುವೆ ಕೊಪ್ಪಳದ ಗವಿಮಠದ ಜಾತ್ರೆ ಬಂತು. ದಾಸೋಹದಲ್ಲಿ ರೊಟ್ಟಿ, ಮಾದಲಿ ಉಂಡು ಬಂದು, ಅದರಿಂದಲೇ ತೂಕ ಇಳಿದಿಲ್ಲವೇನೋ ಎಂದು ಕಸಿವಿಸಿಪಟ್ಟರು. ಒಂದು ದಿನದ ಪ್ರಸಾದ ಏಳು ವಾರ ತೂಕ ನಿಲ್ಲಿಸುವುದಿಲ್ಲ ಎಂದು ಹೇಳಿದೆ. ಹಾಗಾದರೆ ನಿಲ್ಲಿಸಿದ್ದು ಏನು ಎಂದು ಅವರು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. "ಇನ್ನೂ ಎರಡು ವಾರ ನೋಡೋಣ" ಎಂದೆ. ಅದು ನಾನು ಮಾಡಿದ ಎರಡನೆಯ ತಪ್ಪು. ಮೊದಲನೆಯದು ಮುಂದೆ ಬರುತ್ತದೆ.

ಇನ್ನೊಂದು ತುದಿಗೆ

ಅವರು ಎರಡು ವಾರ ಕಾಯಲಿಲ್ಲ. ಫೆಬ್ರವರಿ ಕೊನೆಯಲ್ಲಿ ತಾವೇ ನಿರ್ಧಾರ ಮಾಡಿದರು. ಊಟ 1500ಕ್ಕೆ ಇಳಿಯಿತು. ವ್ಯಾಯಾಮದ ದಿನ ಒಂದು ತುತ್ತೂ ಜಾಸ್ತಿ ಇಲ್ಲ. ಖಾಲಿ ಹೊಟ್ಟೆಯಲ್ಲಿ ನಡೆದರೆ ಕೊಬ್ಬು ಬೇಗ ಕರಗುತ್ತದೆ ಎಂದು ಯಾರೋ ಹೇಳಿದ್ದರು. ಹಾಗಾಗಿ ರಾತ್ರಿ ಏಳಕ್ಕೆ ಊಟ ಮುಗಿಸಿ, ಮರುದಿನ ಬೆಟ್ಟ ಹತ್ತಿ ಇಳಿದು ಹತ್ತು ಗಂಟೆಗೆ ತಿಂಡಿ.

ಮೂರು ವಾರದಲ್ಲಿ 2.1 ಕೆಜಿ ಇಳಿಯಿತು. 84ರಿಂದ 81.9. ಫೋನಿನಲ್ಲಿ ಅವರ ದನಿಯಲ್ಲಿ ಗೆಲುವು ಇತ್ತು. ಅದರಲ್ಲಿ ಒಂದಿಷ್ಟು ನೀರು ಎಂದು ನನಗೆ ಗೊತ್ತಿತ್ತು. ಊಟ ಥಟ್ಟನೆ ಕಡಿಮೆಯಾದರೆ ದೇಹ ಸಕ್ಕರೆಯಿಂದ ಕೂಡಿಟ್ಟ ದಾಸ್ತಾನು, ಅಂದರೆ ಗ್ಲೈಕೋಜನ್, ಕರಗುತ್ತದೆ. ಅದರ ಒಂದೊಂದು ಗ್ರಾಂ ಜೊತೆ ಸುಮಾರು 3 ಗ್ರಾಂ ನೀರೂ ಹೊರಗೆ ಹೋಗುತ್ತದೆ. ಕೊಬ್ಬೂ ಇಳಿದಿತ್ತು, ಇಲ್ಲ ಎನ್ನುವುದಿಲ್ಲ. ಆದರೆ ಅದರ ಜೊತೆ ಬಂದ ಉಳಿದದ್ದನ್ನು ಅವರು ಆಮೇಲೆ ಹೇಳಿದರು.

ಬೆಳಗಿನ ಜಾವ ಮೂರಕ್ಕೆ ಎಚ್ಚರ. ಮತ್ತೆ ನಿದ್ದೆ ಇಲ್ಲ. ಮಿಲ್ಲಿನಲ್ಲಿ ಹಮಾಲರ ಮೇಲೆ ರೇಗಾಟ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ತೂಕದ ಚೀಟಿಯಲ್ಲಿ ಒಂದು ಸೊನ್ನೆ ತಪ್ಪಿ ಹೋಗಿತ್ತು. ಇನ್ನು ಆ ಶೇಂಗಾ. ಸಂಜೆ ಐದರ ಹೊತ್ತಿಗೆ ಕೈ ತಾನಾಗಿಯೇ ಡಬ್ಬಿಗೆ ಹೋಗುತ್ತಿತ್ತು. ಪುಸ್ತಕದಲ್ಲಿ ಅದು ಇಲ್ಲ. ಬರೆಯದೆ ತಿಂದದ್ದು ಅದೇ ಮೊದಲು, ಅದಕ್ಕೇ ನಾಚಿಕೆ ಆಯಿತು ಎಂದರು.

ಮಾರ್ಚ್‌ನ ಮೂರನೆಯ ಭಾನುವಾರ ಬೆಟ್ಟದಲ್ಲಿ ತಲೆ ತಿರುಗಿತು. ಸುಮಾರು 300 ಮೆಟ್ಟಿಲು ಆಗಿತ್ತು. ಏಳೂವರೆಗೇ ಬಿಸಿಲು ಬಂಡೆಗೆ ಹೊಡೆಯುತ್ತಿತ್ತು. ಕಣ್ಣಿಗೆ ಕತ್ತಲು ಬಂದು ಪಕ್ಕದ ಗೋಡೆ ಹಿಡಿದು ಕೂತರು. ಹಿಂದಿದ್ದ ಕುಟುಂಬದವರು ಲಿಂಬು ಶರಬತ್ತು ಕುಡಿಸಿದರು. ಹತ್ತು ನಿಮಿಷದ ಮೇಲೆ ನಿಧಾನಕ್ಕೆ ಕೆಳಗಿಳಿದರು. ಹತ್ತುವುದಕ್ಕಿಂತ ಇಳಿಯುವಾಗ ಬಿದ್ದರೆ ಪೆಟ್ಟು ಜಾಸ್ತಿ. ಅವತ್ತು ಬೀಳಲಿಲ್ಲ ಅನ್ನುವುದೇ ನನಗೆ ಈಗಲೂ ದೊಡ್ಡ ಸಮಾಧಾನ.

ಅದೇ ವಾರ ಅಕ್ಕನ ಮಗಳ ಮದುವೆ. ಎರಡು ದಿನ ಹೋಳಿಗೆ, ತುಪ್ಪ, ಬದನೆಕಾಯಿ ಎಣ್ಣೆಗಾಯಿ. "ತಿಂದೆ ಅನ್ನೋದಕ್ಕಿಂತ ಮುಕ್ಕಿದೆ ರೀ" ಎಂದು ತಾವೇ ಹೇಳಿದರು. ನಡಿಗೆ ನಿಂತಿತು. ಪುಸ್ತಕ ಮುಚ್ಚಿತು. ಹತ್ತು ದಿನದ ಮೇಲೆ ಅವರು ಬಂದಾಗ ತೂಕ 83.3.

ಹಾಳೆ ಮುಂದಿಟ್ಟುಕೊಂಡು ಕೂತ ಸಂಜೆ

ಈ ಪ್ರಕರಣದ ತಿರುವು ಇದೇ. ಏಪ್ರಿಲ್ ಮೊದಲ ವಾರ ಅವರು, ನಾನು, ಕೆಂಪು ಪುಸ್ತಕ. ಜನವರಿಯಲ್ಲಿ ಶುರುವಾದ ಏಳು ವಾರವನ್ನು ಒಂದೊಂದೇ ಸಾಲು ನೋಡಿದೆವು.

ಮೊದಲು ನನ್ನ 1900 ಎಲ್ಲಿಂದ ಬಂತು ಎಂದು ಕೇಳಿದರು. ಸರಿಯಾದ ಪ್ರಶ್ನೆ. ಗಂಡಸರಿಗೆ ಒಂದು ಸೂತ್ರ ಇದೆ. ತೂಕವನ್ನು 10ರಿಂದ ಗುಣಿಸಿ, ಎತ್ತರವನ್ನು 6.25ರಿಂದ ಗುಣಿಸಿ ಕೂಡಿ, ವಯಸ್ಸಿನ ಐದರಷ್ಟು ಕಳೆದು, 5 ಸೇರಿಸಬೇಕು. ಅವರಿಗೆ 1690 ಬಂತು. ಸುಮ್ನೆ ಮಲಗಿದ್ದರೂ ದೇಹ ದಿನಕ್ಕೆ ಖರ್ಚು ಮಾಡುವ ಶಕ್ತಿ ಇದು. ಇದನ್ನು ದಿನದ ಓಡಾಟಕ್ಕೆ ತಕ್ಕ ಅಂಕಿಯಿಂದ ಗುಣಿಸುತ್ತೇವೆ. ಕೂತು ಕೆಲಸ ಮಾಡುವವರಿಗೆ 1.2. ವಾರದಲ್ಲಿ ಕೆಲವು ದಿನ ಹಗುರ ವ್ಯಾಯಾಮ ಮಾಡುವವರಿಗೆ 1.375. ನಾನು 1.375 ಹಿಡಿದಿದ್ದೆ. 2324 ಬಂತು. ಅದರಿಂದ ನಾನೂರಕ್ಕೂ ಸ್ವಲ್ಪ ಜಾಸ್ತಿ ಕಳೆದು 1900 ಎಂದು ಬರೆದುಕೊಟ್ಟಿದ್ದೆ.

ಅಂದರೆ ಅವರ ನಡಿಗೆ, ಅವರ ಬೆಟ್ಟ, ಎರಡೂ ಆ 1900ರ ಒಳಗೆ ಆಗಲೇ ಸೇರಿದ್ದವು. ಅದನ್ನು ನಾನು ಹೇಳಿರಲಿಲ್ಲ. ಅವರು ವಾಚ್ ನೋಡಿ ಅದೇ ನಡಿಗೆಯನ್ನು ಇನ್ನೊಂದು ಸಲ ಜಮೆಗೆ ಹಾಕಿದರು. ಒಂದೇ ಚೀಟಿ ಎರಡು ಸಲ ಖಾತೆಗೆ ಹೋಗಿತ್ತು. ಇದು ನನ್ನ ಮೊದಲ ತಪ್ಪು. ಅವರ ಎದುರೇ ಒಪ್ಪಿಕೊಂಡೆ.

ಆಮೇಲೆ ವಾಚ್ ತೋರಿಸಿದ ಅಂಕಿ. 84 ಕೆಜಿ ಇರುವವರು 45 ನಿಮಿಷ ಬಿರುಸಾಗಿ ನಡೆದರೆ ಒಟ್ಟು 270 ಕ್ಯಾಲೊರಿ ಆಸುಪಾಸು ಖರ್ಚಾಗುತ್ತದೆ. ಅದರಲ್ಲಿ ಅರುವತ್ತಕ್ಕೂ ಸ್ವಲ್ಪ ಜಾಸ್ತಿ ಆ ಮುಕ್ಕಾಲು ಗಂಟೆ ಸುಮ್ನೆ ಕೂತಿದ್ದರೂ ಹೋಗುತ್ತಿತ್ತು. ನಡೆದದ್ದಕ್ಕೇ ಖರ್ಚಾದದ್ದು ಸುಮಾರು 200. ವಾಚ್ ಹೇಳಿದ್ದು 420. ಇದು ಆ ಒಂದು ವಾಚಿನ ದೋಷ ಅಲ್ಲ. 2017ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಕೈಗೆ ಕಟ್ಟುವ ಏಳು ಉಪಕರಣಗಳನ್ನು ಪರೀಕ್ಷೆ ಮಾಡಿದರು. ಎದೆಬಡಿತವನ್ನು ಅವುಗಳಲ್ಲಿ ಆರು ಚೆನ್ನಾಗಿಯೇ ಅಳೆದವು. ಕ್ಯಾಲೊರಿ ವಿಷಯದಲ್ಲಿ ಎಲ್ಲಕ್ಕಿಂತ ಒಳ್ಳೆಯದೇ ಸರಾಸರಿ 27% ತಪ್ಪಿತು, ಎಲ್ಲಕ್ಕಿಂತ ಕೆಟ್ಟದ್ದು 93%.

ಬೆಟ್ಟದ ಲೆಕ್ಕವನ್ನು ಅವರೇ ಹಾಕಬೇಕು ಎಂದು ಹಟ ಹಿಡಿದರು. ಹಾಕಿದೆವು. ಒಂದು ಮೆಟ್ಟಿಲು ಸುಮಾರು ಅರ್ಧ ಅಡಿ ಎಂದು ಹಿಡಿದರೆ 575 ಮೆಟ್ಟಿಲಿಗೆ 287 ಅಡಿ, ಅಂದರೆ 88 ಮೀಟರ್. 84 ಕೆಜಿಯನ್ನು ಅಷ್ಟು ಎತ್ತರಕ್ಕೆ ಎತ್ತಲು ಬೇಕಾದ ಶಕ್ತಿ ಬರೀ 17 ಕ್ಯಾಲೊರಿ! ಅವರು ಪೆನ್ನು ಕೆಳಗಿಟ್ಟರು. ನಾನು ಮುಂದುವರಿಸಿದೆ. ನಮ್ಮ ಸ್ನಾಯು ತಾನು ಸುಡುವ ಶಕ್ತಿಯಲ್ಲಿ ನಾಲ್ಕನೆಯ ಒಂದು ಭಾಗವನ್ನೋ ಐದನೆಯ ಒಂದು ಭಾಗವನ್ನೋ ಮಾತ್ರ ಕೆಲಸಕ್ಕೆ ಹಾಕುತ್ತದೆ. ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಅದಕ್ಕೇ ಬೆವರುವುದು. ಹಾಗಾಗಿ ಹತ್ತಲು 80, ಇಳಿಯಲು 30, ಕೆಳಗಿನ ಓಡಾಟ ಎಲ್ಲ ಸೇರಿ 150 ಎನ್ನಬಹುದು. ಅಷ್ಟೆಲ್ಲ ಬೆವರು, ಏದುಸಿರು, ಕಾಲುನೋವು, ಖರ್ಚು 150. ಒಂದು ಮಿರ್ಚಿಗಿಂತ ಸ್ವಲ್ಪ ಜಾಸ್ತಿ.

"ಹಂಗಾದ್ರ ಬೆಟ್ಟ ಹತ್ತೋದು ಯಾಕ್ರಿ?" ಎಂದರು. ಅವರ ಮುಖ ಬಾಡಿತ್ತು. ಈ ಪ್ರಶ್ನೆಗೆ ಅವಸರದ ಉತ್ತರ ಕೊಡಬಾರದು ಅನ್ನಿಸಿತು. ಬೆಟ್ಟ ತೂಕ ಇಳಿಸುವುದಕ್ಕಿಂತ ಎದೆಗೆ, ಕಾಲಿಗೆ, ಸಕ್ಕರೆಗೆ ಕೆಲಸ ಮಾಡುತ್ತದೆ ಎಂದೆ. ದುಡಿದ ಸ್ನಾಯು ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ನಿಮ್ಮ 6.1ಕ್ಕೆ ಅದು ಬೇಕು. ತೂಕ ಇಳಿಸುವುದು ಹೆಚ್ಚಾಗಿ ತಟ್ಟೆ. ಇಳಿದ ತೂಕ ಮತ್ತೆ ಏರದ ಹಾಗೆ ಹಿಡಿದಿಡುವುದರಲ್ಲಿ ಬೆಟ್ಟದ ಪಾಲು ದೊಡ್ಡದು.

ಕೊನೆಗೆ ವಾರದ ಮೊತ್ತ. ಕೂತ ದಿನದ ಖರ್ಚು 2030ರ ಹತ್ತಿರ. ಏಳು ದಿನಕ್ಕೆ 14,200. ಮೂರು ನಡಿಗೆಗೆ 600, ಬೆಟ್ಟಕ್ಕೆ 150. ಒಟ್ಟು 14,950. ಇನ್ನು ತಿಂದದ್ದು: 1900ರ ಹಾಗೆ ಏಳು ದಿನಕ್ಕೆ 13,300. ವಾಚ್ ನೋಡಿ ತಿಂದದ್ದು 420 ಮೂರು ಸಲ, 510 ಒಂದು ಸಲ, ಅಂದರೆ 1770. ಒಟ್ಟು 15,070.

ಅವರು ಎರಡು ಮೊತ್ತವನ್ನೂ ಅಕ್ಕಪಕ್ಕ ಬರೆದು ಸುಮಾರು ಹೊತ್ತು ನೋಡಿದರು. ಇಂಥ ಲೆಕ್ಕ ಕೊನೆಯ ಅಂಕಿಯವರೆಗೆ ಯಾವತ್ತೂ ನಿಖರ ಅಲ್ಲ. ಆದರೂ ಏಳು ವಾರ ತೂಕ ಯಾಕೆ ಕದಲಲಿಲ್ಲ ಎಂದು ಆ ಎರಡು ಸಾಲು ಹೇಳಿದವು.

ಹೊಸ ನಿರ್ಧಾರಗಳು

ಹೊಸ ಹಾಳೆಯಲ್ಲಿ ಕೂತ ದಿನದ ಖರ್ಚನ್ನೇ ಬುಡಕ್ಕೆ ಇಟ್ಟುಕೊಂಡೆವು. ದಿನಕ್ಕೆ 1750. ಇದರಲ್ಲಿ ನಡಿಗೆ ಸೇರಿಲ್ಲ ಎಂದು ಮೇಲೇ ಬರೆದೆ. ವಾಚ್ ಕೈಯಲ್ಲಿ ಇರಲಿ, ಆದರೆ ಅದರ ಕ್ಯಾಲೊರಿ ಪುಸ್ತಕಕ್ಕೆ ಬರಬಾರದು.

ನಡೆದ ದಿನ ಜಾಸ್ತಿ ಏನೂ ಇಲ್ಲ. ಇದನ್ನು ಅವರಿಗೆ ಒಪ್ಪಿಸುವುದು ಕಷ್ಟ ಆಗಲಿಲ್ಲ, ಯಾಕೆಂದರೆ ಆ ದಿನದ ಊಟ ಉಳಿದ ದಿನಕ್ಕಿಂತ ಕಡಿಮೆಯೂ ಆಗಲಿಲ್ಲ, ಜಾಗ ಬದಲಿಸಿತು. ಸಂಜೆ ತಿನ್ನುತ್ತಿದ್ದ ಬಾಳೆಹಣ್ಣು ನಡಿಗೆಗೆ ಅರ್ಧ ಗಂಟೆ ಮುಂಚೆಗೆ ಬಂತು. ತಿಂಡಿಗೆ ಎರಡು ಮೊಟ್ಟೆ ಬಂದವು. ಸೋಮವಾರ, ಶನಿವಾರ ಮೊಟ್ಟೆ ತಿನ್ನುವುದಿಲ್ಲ, ಆ ದಿನ ಹೆಸರುಕಾಳಿನ ಉಸುಳಿ. ರಾತ್ರಿಯ ಅನ್ನದಲ್ಲಿ ಒಂದು ಪಾಲು ಕಡಿಮೆಯಾಗಿ ಆ ಕ್ಯಾಲೊರಿ ಬೆಳಗ್ಗೆಗೆ ಹೋಯಿತು. ಮೊದಲು ಅವರ ಊಟದಲ್ಲಿ ದಿನಕ್ಕೆ ಸುಮಾರು 50 ಗ್ರಾಂ ಪ್ರೋಟೀನ್ ಇತ್ತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಒಂದು ಕೆಜಿ ತೂಕಕ್ಕೆ 0.83 ಗ್ರಾಂ ಎನ್ನುತ್ತದೆ, ಅಂದರೆ ಇವರಿಗೆ 70 ಗ್ರಾಂ. ತೂಕ ಇಳಿಸುವಾಗ ಸ್ನಾಯು ಕರಗದಿರಲಿ ಎಂದು 90ರ ಹತ್ತಿರ ಗುರಿ ಇಟ್ಟೆವು. ಬ್ಯಾಳಿ, ಮೊಸರು, ಹಿಟ್ಟಿನ ಪಲ್ಯ, ಕಡಲೆ ಎಲ್ಲ ಮನೆಯಲ್ಲೇ ಇದ್ದವು.

ಬೆಟ್ಟದ ದಿನ ಮಾತ್ರ 150 ಜಾಸ್ತಿ. ಹಿಂದಿನ ರಾತ್ರಿಯೇ ಏನು ಎಂದು ಗೊತ್ತುಮಾಡಬೇಕು. ಒಂದು ಬಟ್ಟಲು ಮೊಸರು, ಒಂದು ಹಿಡಿ ಹುರಿಗಡಲೆ. ಒಗ್ಗರಣಿ ಬೇಡ ಎಂದು ನಾನು ಹೇಳಲಿಲ್ಲ. ತಿಂಗಳಿಗೆ ಒಂದು ಭಾನುವಾರ ಅದು ಇದ್ದೇ ಇರಲಿ, ಆದರೆ ಅದು ಬೆಟ್ಟ ಹತ್ತಿದ್ದಕ್ಕೆ ಕೂಲಿ ಎಂದು ಬೇಡ, ಆಸೆಗೆ ಎಂದು ತಿನ್ನಿ ಎಂದೆ.

ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಇನ್ನೊಂದು ಸಾಲು. ಸಂಜೆ ಐದಕ್ಕೆ ಹಸಿವು ಎಷ್ಟು ಎಂದು 1ರಿಂದ 10ರ ಒಳಗೆ ಒಂದು ಅಂಕಿ ಬರೆಯುವುದು. ಮೂರು ದಿನ ಸತತ 7 ದಾಟಿದರೆ ಮುಂದಿನ ವಾರ ದಿನಕ್ಕೆ 100 ಕ್ಯಾಲೊರಿ ಜಾಸ್ತಿ ಮಾಡುವುದು. ಹಸಿವನ್ನು ಗೆಲ್ಲಬೇಕು ಎನ್ನುವ ಮಾತು ಅವರಿಗೆ ಮಾರ್ಚ್‌ನಲ್ಲಿ ತಂದದ್ದು ತಲೆಸುತ್ತು. ಈ ಸಲ ಹಸಿವನ್ನೂ ಖಾತೆಯಲ್ಲಿ ಬರೆದೆವು.

ಏನಾಯಿತು

ಮೊದಲ ಐದು ವಾರ ತೂಕ ನಿಧಾನವಾಗಿ ಇಳಿಯಿತು. ವಾರಕ್ಕೆ ಕಾಲು ಕೆಜಿ, ಕೆಲವು ವಾರ ಇನ್ನೂ ಸ್ವಲ್ಪ ಜಾಸ್ತಿ. ದಿನದ ಅಂಕಿಯ ಬದಲು ಏಳು ದಿನದ ಸರಾಸರಿ ನೋಡುವುದನ್ನು ಅವರು ಬೇಗ ಕಲಿತರು.

ಮೇ ತಿಂಗಳಲ್ಲಿ ಬೇಸಿಗೆ ಭತ್ತ ಮಿಲ್ಲಿಗೆ ಬಂತು. ರಾತ್ರಿ ಹತ್ತಕ್ಕೆ ಮನೆ. ಹಸಿವಿನ ಅಂಕಿ 8, 8, 9 ಆಯಿತು. ಒಪ್ಪಂದದಂತೆ 100 ಏರಿಸಿದೆವು. ಅವರಿಗೆ ಭಯ. "ಏರಿಸಿದ್ರ ತೂಕ ಏರ್ತದಲ್ರಿ?" ಮೂರು ವಾರ ಹಾಗೇ ನಡೆಯಿತು. ತೂಕ ಏರಲಿಲ್ಲ, ಇಳಿಯುವುದು ಸ್ವಲ್ಪ ನಿಧಾನ ಆಯಿತು, ಅಷ್ಟೇ. ಶೇಂಗಾ ಡಬ್ಬಿ ಮಾತ್ರ ಮುಚ್ಚಿಯೇ ಇತ್ತು. ಬರೆದು ತಿಂದ ನೂರು ಬರೆಯದೆ ತಿನ್ನುವ ಮುನ್ನೂರನ್ನು ಉಳಿಸಿತು ಎಂದು ನನ್ನ ನಂಬಿಕೆ.

ಜೂನ್‌ನಲ್ಲಿ ವಾರಕ್ಕೆ ಎರಡು ದಿನ ಭಾರ ಎತ್ತುವ ವ್ಯಾಯಾಮ ಸೇರಿಸಿದೆವು. ಜಿಮ್ಮಿಗೆ ಹೋಗಲು ಸಂಕೋಚ. ಮಿಲ್ಲಿನಿಂದ 10 ಕೆಜಿಯ ಎರಡು ಅಕ್ಕಿ ಚೀಲ ತಂದರು. ಅವನ್ನೇ ಎದೆಗೆ ಅವಚಿ ಕೂತು ಏಳುವುದು, ಬಗ್ಗಿ ಎತ್ತುವುದು, ಗೋಡೆಗೆ ಕೈ ಕೊಟ್ಟು ದಂಡ. ಆ ಎರಡು ದಿನವೂ 150 ಜಾಸ್ತಿ. ಮೊದಲ ಎರಡು ವಾರ ತೂಕ 600 ಗ್ರಾಂ ಏರಿತು. ಅವರು ಮತ್ತೆ 1500ಕ್ಕೆ ಇಳಿಯಲು ತಯಾರಾಗಿದ್ದರು. ರಾತ್ರಿ ಒಂಬತ್ತಕ್ಕೆ ಫೋನ್ ಬಂತು. ಅಭ್ಯಾಸ ಇಲ್ಲದ ಭಾರ ಎತ್ತಿದಾಗ ಸ್ನಾಯು ನೋಯುತ್ತದೆ, ರಿಪೇರಿಗೆ ನೀರು ಹಿಡಿದುಕೊಳ್ಳುತ್ತದೆ. ಅದು ಕೊಬ್ಬಲ್ಲ. ಸೊಂಟ ಅಳೆಯಿರಿ ಎಂದೆ. ಏಪ್ರಿಲ್‌ಗಿಂತ 3 ಸೆಂಟಿಮೀಟರ್ ಕಡಿಮೆ ಇತ್ತು. ಆ ಒಂದು ಫೋನು ಬರದೆ ಹೋಗಿದ್ದರೆ ಮಾರ್ಚ್‌ನ ಕಥೆಯೇ ಮತ್ತೆ ಆಗುತ್ತಿತ್ತು. ನಾಲ್ಕನೆಯ ವಾರಕ್ಕೆ ತೂಕ ಮೊದಲಿನ ಗೆರೆಗಿಂತ ಕೆಳಗೆ ಬಂತು.

ಶ್ರಾವಣದಲ್ಲಿ ಸೋಮವಾರ ಒಪ್ಪತ್ತು. ಮೊದಲಾಗಿದ್ದರೆ ಅವರು ಒಪ್ಪತ್ತಿದ್ದೂ ನಡೆಯುತ್ತಿದ್ದರು. ಈ ಸಲ ತಾವೇ ಸೋಮವಾರದ ನಡಿಗೆಯನ್ನು ಮಂಗಳವಾರಕ್ಕೆ ಹಾಕಿಕೊಂಡಿದ್ದರು. ನನ್ನನ್ನು ಕೇಳಲೂ ಇಲ್ಲ, ಬಂದಾಗ ತೋರಿಸಿದರು. ನನಗೆ ತುಂಬ ಖುಷಿಯಾಯಿತು.

ಸೆಪ್ಟೆಂಬರ್ ಮೊದಲ ವಾರಕ್ಕೆ 22 ವಾರ ಆಗಿತ್ತು. ತೂಕ 78.1. ಏಪ್ರಿಲ್‌ನಿಂದ 5.2 ಕೆಜಿ ಇಳಿದಿತ್ತು. ಸೊಂಟ 94. ಎಚ್‌ಬಿಎ1ಸಿ 5.8. ಸೊಂಟ ಇನ್ನೂ 90 ದಾಟಿಯೇ ಇದೆ, ಸಕ್ಕರೆಯೂ ಪೂರ್ತಿ ಸುರಕ್ಷಿತ ಗೆರೆಗೆ ಬಂದಿಲ್ಲ. ಆದರೆ 575 ಮೆಟ್ಟಿಲನ್ನು ಈಗ ಎರಡೇ ಕಡೆ ನಿಂತು ಹತ್ತುತ್ತಾರೆ.

ನನಗೆ ತಿಳಿದದ್ದು

ವ್ಯಾಯಾಮದ ದಿನ ಜಾಸ್ತಿ ತಿನ್ನಬೇಕಾ ಎಂದು ಈಗ ಯಾರಾದರೂ ಕೇಳಿದರೆ ನಾನು ಮೊದಲು ಮರುಪ್ರಶ್ನೆ ಕೇಳುತ್ತೇನೆ. ನಿಮ್ಮ ಹತ್ತಿರ ಇರುವ ಅಂಕಿಯಲ್ಲಿ ವ್ಯಾಯಾಮ ಸೇರಿದೆಯಾ ಇಲ್ಲವಾ? ಸೇರಿದ್ದರೆ ಜಾಸ್ತಿ ತಿನ್ನುವ ಮಾತೇ ಇಲ್ಲ, ಅದನ್ನು ವಾರದ ಏಳೂ ದಿನಕ್ಕೆ ಹಂಚಿ ಆಗಲೇ ಕೊಟ್ಟಾಗಿದೆ. ಸೇರಿಲ್ಲದಿದ್ದರೆ ವಾರದ ವ್ಯಾಯಾಮಕ್ಕೆ ಖರ್ಚಾದದ್ದರಲ್ಲಿ ಒಂದು ಪಾಲು ತಿನ್ನಬಹುದು. ಪೂರ್ತಿ ಅಲ್ಲ. ಇದಕ್ಕೆ ಇನ್ನೊಂದು ಕಾರಣವೂ ಇದೆ. 2021ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ, ಓಡಾಟಕ್ಕೆ ಖರ್ಚಾದ ಹೆಚ್ಚಿನ ಶಕ್ತಿಯಲ್ಲಿ ಸರಾಸರಿ 28% ಭಾಗವನ್ನು ದೇಹ ಬೇರೆ ಕಡೆ ಉಳಿತಾಯ ಮಾಡಿ ಸರಿತೂಗಿಸುತ್ತದೆ ಎಂದು ಕಂಡಿತು. ಬೆಟ್ಟ ಹತ್ತಿ ಬಂದ ಮಧ್ಯಾಹ್ನ ಗುಮಾಸ್ತರು ಎರಡು ಗಂಟೆ ನಿದ್ದೆ ಮಾಡುತ್ತಿದ್ದರು, ಉಳಿತಾಯ ಅಂದರೆ ಹೀಗೂ ಇರುತ್ತದೆ.

ಎಷ್ಟು ಜಾಸ್ತಿ ಎನ್ನುವುದಕ್ಕಿಂತ ಯಾವಾಗ ನಿರ್ಧರಿಸುತ್ತೀರಿ ಎನ್ನುವುದು ದೊಡ್ಡದು. ಬೆಟ್ಟ ಇಳಿದು, ಬೆವರಿಳಿಸಿಕೊಂಡು, ಬಾಣಲೆಯಲ್ಲಿ ಮಿರ್ಚಿ ಕರಿಯುವ ವಾಸನೆಯ ಮುಂದೆ ನಿಂತು ಎಷ್ಟು ತಿನ್ನಬೇಕು ಎಂದು ಯೋಚಿಸಿದರೆ ಉತ್ತರ ಯಾವಾಗಲೂ ಜಾಸ್ತಿಯೇ. ಹಿಂದಿನ ರಾತ್ರಿ ಯೋಚಿಸಿದರೆ ಬೇರೆ.

ಸೊನ್ನೆಯೂ ಉತ್ತರ ಅಲ್ಲ. ಮಾರ್ಚ್‌ನ ಮೂರು ವಾರ ಅದನ್ನು ತೋರಿಸಿತು. ಅಂಕಿಯಲ್ಲಿ ನೋಡಿದರೆ ಆ ಮೂರು ವಾರವೇ ಎಲ್ಲಕ್ಕಿಂತ ಚೆನ್ನಾಗಿದ್ದವು. ಬರೀ ತೂಕದ ಕಾಗದ ನೋಡುವ ಸಲಹೆಗಾರರು ಶಭಾಷ್ ಎನ್ನುತ್ತಿದ್ದರು. ಫೋನಿನಲ್ಲಿ ನಾನೂ ಅಂದಿದ್ದೆ. ನಿದ್ದೆ ಹೇಗಿದೆ, ಸಿಟ್ಟು ಹೇಗಿದೆ, ಸಂಜೆ ಐದಕ್ಕೆ ಹೊಟ್ಟೆ ಏನು ಹೇಳುತ್ತದೆ ಎಂದು ಕೇಳಬೇಕಿತ್ತು.

ಇವರಿಗೆ ಹೊಂದಿದ್ದು ಎಲ್ಲರಿಗೂ ಹೊಂದುವುದಿಲ್ಲ. ಇನ್ಸುಲಿನ್ ಚುಚ್ಚಿಕೊಳ್ಳುವವರು, ಸಕ್ಕರೆಯನ್ನು ಥಟ್ಟನೆ ಇಳಿಸುವ ಮಾತ್ರೆ ನುಂಗುವವರು ವ್ಯಾಯಾಮದ ದಿನದ ಊಟವನ್ನು ತಮ್ಮ ವೈದ್ಯರ ಜೊತೆ ಕೂತೇ ತೀರ್ಮಾನಿಸಬೇಕು. ಅವರಿಗೆ ಕಡಿಮೆ ತಿಂದು ನಡೆಯುವುದು ನೇರ ಅಪಾಯ. ಬಸುರಿಯರು, ಬಾಣಂತಿಯರು, ಓಟದ ಅಭ್ಯಾಸ ಮಾಡುವ ಹೈಸ್ಕೂಲು ಮಕ್ಕಳು ಈ ಲೆಕ್ಕದ ಹೊರಗೆ. ಅದೇ ಮಿಲ್ಲಿನಲ್ಲಿ ದಿನವಿಡೀ ಚೀಲ ಹೊರುವ ಹಮಾಲರ ಮಾತಂತೂ ಪೂರ್ತಿ ಬೇರೆ. ಅವರ ದುಡಿಮೆ 45 ನಿಮಿಷದ್ದಲ್ಲ, ಎಂಟು ಗಂಟೆಯದು. ದಣಿದು ಬಂದವರಿಗೆ ಹೊಟ್ಟೆ ತುಂಬ ನೀಡಬೇಕು ಎನ್ನುವ ಮಾತು ಅಂಥವರಿಂದಲೇ ಹುಟ್ಟಿದ್ದು. ಅವರ ತಟ್ಟೆಯಲ್ಲಿ ಅದು ಇವತ್ತಿಗೂ ಸರಿ.

ಇನ್ನೂ ಉಳಿದಿರುವುದು

ತೂಕ ಇಳಿದ ಹಾಗೆ ಖರ್ಚೂ ಇಳಿಯುತ್ತದೆ. 78 ಕೆಜಿಗೆ ಕೂತ ದಿನದ ಖರ್ಚು 1950ರ ಆಸುಪಾಸು. ಹಾಗಾಗಿ ಅದೇ 1750ರಲ್ಲಿ ಇನ್ನು ಮುಂದೆ ಇಳಿಯುವುದು ನಿಧಾನ. ಊಟ ಇನ್ನೂ ಕಡಿಮೆ ಮಾಡುವುದು ನನಗೆ ಇಷ್ಟ ಇಲ್ಲ. ಎರಡು ತಿಂಗಳು ತೂಕ ಇಲ್ಲೇ ನಿಲ್ಲಲಿ, ಭತ್ತದ ಹಂಗಾಮು ಮುಗಿದ ಮೇಲೆ ಮುಂದಿನ ಮಾತು ಎಂದು ಒಪ್ಪಿದ್ದೇವೆ. ಡಿಸೆಂಬರ್‌ನಲ್ಲಿ ಗೆಳೆಯರ ಜೊತೆ ತಾವೂ ಮಾಲೆ ಹಾಕುತ್ತಾರಂತೆ.

ಕಳೆದ ಸಲ ಹೆಂಡತಿಯನ್ನೂ ಕರೆದುಕೊಂಡು ಬಂದಿದ್ದರು. ಅವರೂ ಬೆಳಗ್ಗೆ ನಡೆಯಲು ಶುರು ಮಾಡಿದ್ದಾರೆ. ತೂಕ 58, ಎತ್ತರ 152. "ಇವರಿಗೆ ಕೊಟ್ಟಷ್ಟೇ ಬಾಳಿಹಣ್ಣು, ಮೊಸರು ನಾನೂ ತಿನ್ನಬೇಕೇನ್ರಿ?" ಎಂದು ಕೇಳಿದರು. ಅದೇ 45 ನಿಮಿಷದ ನಡಿಗೆಗೆ ಅವರಿಗೆ ಖರ್ಚಾಗುವುದು 140ರ ಹತ್ತಿರ. ಅದರಲ್ಲಿ ಅರ್ಧ ಪಾಲು ತಿನ್ನಬಹುದು ಎಂದರೂ ಅದು ಒಂದು ಬಾಳೆಹಣ್ಣಿಗೂ ಕಡಿಮೆ. ಅವರ ಲೆಕ್ಕವೇ ಬೇರೆ, ಅವರ ರಕ್ತದ ವರದಿಯೂ ಇನ್ನೂ ಬರಬೇಕು. ಹೊಸ ಹಾಳೆ ತೆಗೆದೆ. ನಾನು ಬರೆಯುವ ಮೊದಲೇ ಗುಮಾಸ್ತರು ನನ್ನ ಪೆನ್ನು ಕೇಳಿ ಪಡೆದರು. ಹಾಳೆಯ ಮೇಲ್ತುದಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದರು: "ಇದರಲ್ಲಿ ನಡಿಗೆ ಸೇರಿಲ್ಲ."